ಚೆಂಡು, ಬಯಲು, ಪುಸ್ತಕ

ದೋಣಿಗೆ ರಜೆ, ಚೆಂಡಿಗೆ ಕೆಲಸ

ಜೂನ್ ತಿಂಗಳು. ಮಳೆ ಹಿಡಿದಿದೆ. ಬೈತಖೋಲದ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಸಾಲಾಗಿ ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ ಅವು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ಒಟ್ಟು 61 ದಿನ ರಜೆ.

ದೋಣಿಗೆ ರಜೆ ಬಂತು. ಹುಡುಗರ ಕಾಲಿಗೆ ರಜೆ ಉಂಟೇ? ಮಳೆ ಸ್ವಲ್ಪ ಹೊಳವಾದರೆ ಸಾಕು, ಮರಳಿಗೆ ಇಳೀತಾರೆ. ಎರಡು ಕೋಲು ನೆಡ್ತಾರೆ. ಕೋಲು ಸಿಗದಿದ್ದರೆ ಎರಡು ಜೋಡಿ ಚಪ್ಪಲಿ ಇಡ್ತಾರೆ. ಅದೇ ಗೋಲು. ಒಬ್ಬ ಚೆಂಡು ತರ್ತಾನೆ. ಆಟ ಶುರು.

ದಡದಲ್ಲಿ ನಿಂತು ನಾವೂ ನೋಡುತ್ತೇವೆ. ಬಲೆ ಹೆಣೆಯುವವರು ಕೈ ನಿಲ್ಲಿಸಿ ನೋಡುತ್ತಾರೆ. ಮೀನಿನ ಬುಟ್ಟಿ ಇಳಿಸಿ ಅಕ್ಕಂದಿರು ನೋಡುತ್ತಾರೆ. ಗೋಲು ಬಿದ್ದರೆ ಎಲ್ಲರೂ ಕೂಗುತ್ತೇವೆ.

ಈಗ ಒಂದು ಪ್ರಶ್ನೆ. ನಿಮ್ಮ ಕೇರಿಯ ತಂಡ ಯಾವಾಗ ಶುರುವಾಯಿತು? ಮೊದಲ ಚೆಂಡು ಕೊಂಡವರು ಯಾರು? ಮೊದಲ ಪಂದ್ಯ ಯಾರ ಮೇಲೆ? ಗೆದ್ದಿರೋ, ಸೋತಿರೋ?

ಒಬ್ಬರು ಒಂದು ಹೇಳ್ತಾರೆ. ಇನ್ನೊಬ್ಬರು ಬೇರೆ ಹೇಳ್ತಾರೆ. ಮೂರನೆಯವರು ಹೇಳ್ತಾರೆ, "ಅದು ಅಜ್ಜನಿಗೆ ಗೊತ್ತಿತ್ತು. ಅಜ್ಜ ಹೋದ. ಅವನ ಕೂಡ ಆ ಮಾತೂ ಹೋಯ್ತು."

ಹೀಗೆ ಎಷ್ಟು ತಂಡಗಳ ಕತೆ ಹೋಗಿದೆ! ಆಡಿದವರು ಬಹಳ. ಬರೆದಿಟ್ಟವರು ಕಡಿಮೆ. ಈ ಪಾಠದಲ್ಲಿ ನಾವು ಓದುವುದು ಇದನ್ನೇ. ಸಣ್ಣ ಕೇರಿಯ ಕ್ಲಬ್ಬು ಹೇಗೆ ಹುಟ್ಟುತ್ತದೆ? ಹೇಗೆ ಬೆಳೆಯುತ್ತದೆ? ಹೇಗೆ ಅಳಿಯುತ್ತದೆ? ಅದು ಅಳಿಯದ ಹಾಗೆ ನಾವು ಏನು ಮಾಡಬಹುದು?

ಕ್ಲಬ್ಬು ಅಂದರೆ ಏನು?

ಕ್ಲಬ್ಬು ಅಂದರೆ ದೊಡ್ಡ ಕಟ್ಟಡ ಅಲ್ಲ. ಬಣ್ಣದ ಅಂಗಿಯೂ ಅಲ್ಲ. ನಾಲ್ಕು ಜನ ಕೂಡಿ ಒಂದು ಕೆಲಸ ಮಾಡಲು ಒಪ್ಪುವುದೇ ಕ್ಲಬ್ಬು. ಕನ್ನಡದಲ್ಲಿ ಸಂಘ ಅನ್ನುತ್ತೇವೆ.

ನಮ್ಮ ದಂಡೆಯ ಜನರಿಗೆ ಇದು ಹೊಸದಲ್ಲ. ರಂಪಣಿ ಬಲೆ ನೆನಪು ಮಾಡಿಕೊಳ್ಳಿ. ದೋಣಿಯಲ್ಲಿ ಹೋಗಿ ಬಲೆ ಸುತ್ತು ಹಾಕಬೇಕು. ಎರಡು ಕಡೆಯ ಹಗ್ಗ ಹಿಡಿದು ಹತ್ತಾರು ಜನ ದಡದಿಂದ ಎಳೆಯಬೇಕು. ಒಬ್ಬನ ಕೈಲಿ ಆಗುವ ಕೆಲಸವೇ ಅಲ್ಲ. ತಾರ್ಲೆ, ಬಂಗಡೆ ಬಲೆಗೆ ಬಿದ್ದರೆ ಪಾಲು ಹಂಚಬೇಕು. ಯಾರು ಬಂದಿದ್ದರು, ಯಾರಿಗೆ ಎಷ್ಟು ಪಾಲು, ಎಲ್ಲ ಲೆಕ್ಕ ಬೇಕು. ಲೆಕ್ಕ ತಪ್ಪಿದರೆ ಜಗಳ. ಜಗಳ ಆದರೆ ಮರುದಿನ ಹಗ್ಗ ಹಿಡಿಯಲು ಜನ ಇಲ್ಲ.

ಫುಟ್‌ಬಾಲ್ ತಂಡವೂ ಹಾಗೇ. ಅಲ್ಲಿ ಬಲೆ, ಇಲ್ಲಿ ಚೆಂಡು. ಅಲ್ಲಿ ಮೀನಿನ ಪಾಲು, ಇಲ್ಲಿ ವರ್ಗಣಿ. ಎರಡಕ್ಕೂ ಜನ ಕೂಡಬೇಕು. ಎರಡಕ್ಕೂ ಲೆಕ್ಕ ಬೇಕು.

ಒಂದು ಹಳೆಯ ಪುಸ್ತಕದ ಬೆಲೆ

ಇಂಗ್ಲೆಂಡ್ ದೇಶದಲ್ಲಿ ಶೆಫೀಲ್ಡ್ ಎಂಬ ಊರು ಇದೆ. ಚಾಕು, ಕತ್ತರಿ, ಉಕ್ಕಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಕೆಲವು ಯುವಕರು ಬೇಸಿಗೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಚಳಿಗಾಲದಲ್ಲಿ ಮಾಡುವುದು ಏನು? ಅವರು ಕೂಡಿ 1857ರ ಅಕ್ಟೋಬರ್ 24ರಂದು ಫುಟ್‌ಬಾಲ್ ಕ್ಲಬ್ಬು ಮಾಡಿದರು. ಇಂದಿಗೂ ಇರುವ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದು.

ಆಗ ಎಲ್ಲ ಕಡೆ ಒಂದೇ ನಿಯಮ ಇರಲಿಲ್ಲ. ಒಂದು ಊರಲ್ಲಿ ಕೈಯಲ್ಲಿ ಹಿಡಿಯಬಹುದು. ಇನ್ನೊಂದು ಊರಲ್ಲಿ ಕೂಡದು. ಆ ಯುವಕರು ಏನು ಮಾಡಿದರು? ತಮ್ಮ ನಿಯಮಗಳನ್ನು ಕೈಯಾರೆ ಕಾಗದದ ಮೇಲೆ ಬರೆದರು. ಸಭೆ ನಡೆದರೆ ನಡಾವಳಿ ಬರೆದರು. ಆ ಪುಸ್ತಕಗಳನ್ನು ಜೋಪಾನ ಮಾಡಿದರು. ಅವರು ಸತ್ತರು, ಅವರ ಮಕ್ಕಳೂ ಸತ್ತರು. ಪುಸ್ತಕ ಉಳಿಯಿತು.

2011ರಲ್ಲಿ ಕ್ಲಬ್ಬಿಗೆ ಹಣ ಬೇಕಾಯಿತು. ಆ ಹಳೆಯ ಪುಸ್ತಕ, ಕಾಗದಗಳನ್ನು ಲಂಡನ್ನಿನಲ್ಲಿ ಹರಾಜಿಗೆ ಇಟ್ಟರು. ಎಷ್ಟಕ್ಕೆ ಹೋಯಿತು ಗೊತ್ತೇ? 8,81,250 ಪೌಂಡಿಗೆ. ನಮ್ಮ ಹಣದಲ್ಲಿ ಆಗಿನ ಲೆಕ್ಕಕ್ಕೆ ಸುಮಾರು 6 ಕೋಟಿ ರೂಪಾಯಿ!

ನಮ್ಮ ಕೇರಿಯ ನೋಟುಪುಸ್ತಕಕ್ಕೆ 6 ಕೋಟಿ ಬರುತ್ತದೆ ಅಂತ ನಾವು ಹೇಳುತ್ತಿಲ್ಲ. ಬರೆದದ್ದಕ್ಕೆ ಬೆಲೆ ಉಂಟು ಅಂತ ಹೇಳುತ್ತಿದ್ದೇವೆ. ಬರೆಯುವಾಗ ಆ ಬೆಲೆ ಕಾಣುವುದಿಲ್ಲ, ಅಷ್ಟೇ.

ಇದಕ್ಕೆ ನಮ್ಮ ಕಾರವಾರದ್ದೇ ಒಂದು ಉದಾಹರಣೆ ಇದೆ. ಕವಿ ರವೀಂದ್ರನಾಥ ಟಾಗೋರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದಿದ್ದರು. ಆಗ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ನಮ್ಮ ದಂಡೆಗೆ ಇಂದಿಗೂ ಟಾಗೋರ್ ಕಡಲತೀರ ಎಂಬ ಹೆಸರು. ಅವರು ಬಂದದ್ದು, ನೋಡಿದ್ದು ನಮಗೆ ಹೇಗೆ ಗೊತ್ತಾಯಿತು? ಅವರೇ ಬರೆದಿಟ್ಟರು. 1912ರಲ್ಲಿ ಬಂದ ತಮ್ಮ 'ಜೀವನಸ್ಮೃತಿ' ಪುಸ್ತಕದಲ್ಲಿ ಕಾರವಾರದ ಕಡಲನ್ನು ನೆನೆದರು. ಅದೇ ಕಾಲಕ್ಕೆ ಇದೇ ಮರಳಿನ ಮೇಲೆ ಬಲೆ ಎಳೆದವರೂ ಇದ್ದರು. ಅವರ ಹೆಸರು ನಮಗೆ ಗೊತ್ತಿಲ್ಲ. ಯಾಕೆ? ಬರೆದವರು ಇಲ್ಲ.

ಆಟ ಬಂದ ದಾರಿ

1863ರಲ್ಲಿ ಲಂಡನ್ನಿನಲ್ಲಿ ಹಲವು ಕ್ಲಬ್ಬಿನವರು ಸಭೆ ಸೇರಿದರು. ಎಲ್ಲರಿಗೂ ಒಂದೇ ನಿಯಮ ಬೇಕು ಅಂತ ತೀರ್ಮಾನ ಮಾಡಿದರು. ಆ ನಿಯಮದ ಫುಟ್‌ಬಾಲು ಹಡಗು ಹತ್ತಿ ದೇಶ ದೇಶಕ್ಕೆ ಹೋಯಿತು. ಹಡಗಿನ ಕೆಲಸಗಾರರು ತಂದರು. ಸಿಪಾಯಿಗಳು ತಂದರು. ಪಾದ್ರಿಗಳು ತಂದರು.

ಮಾಜಾಳಿ ದಾಟಿದರೆ ನಮಗೆ ಗೋವಾ. ಅಲ್ಲಿ ಶಿವೋಲಿ ಎಂಬ ಹಳ್ಳಿಯಲ್ಲಿ 1883ರಲ್ಲಿ ಒಬ್ಬ ಪಾದ್ರಿಯವರು ಹುಡುಗರಿಗೆ ಫುಟ್‌ಬಾಲ್ ಕಲಿಸಿದರು ಅಂತ ಹೇಳುತ್ತಾರೆ. ಈಗ ಗೋವಾದ ಹಳ್ಳಿ ಹಳ್ಳಿಯಲ್ಲಿ ಫುಟ್‌ಬಾಲು ಇದೆ.

ಬೆಂಗಳೂರಿಗೆ ಈ ಆಟ ಬಂದದ್ದು ಬ್ರಿಟಿಷ್ ಸಿಪಾಯಿಗಳ ಕೂಡ. ಅವರು ಇರುವ ಜಾಗಕ್ಕೆ ದಂಡು ಅನ್ನುತ್ತಿದ್ದರು. ಸಿಪಾಯಿಗಳು ಸಂಜೆ ಮೈದಾನದಲ್ಲಿ ಬೂಟು ಹಾಕಿ ಆಡುತ್ತಿದ್ದರು. ಸುತ್ತಲಿನ ಕೇರಿಯ ಹುಡುಗರು ನಿಂತು ನೋಡುತ್ತಿದ್ದರು. ನೋಡಿ ನೋಡಿ ಕಲಿತರು. ಬೂಟು ಕೊಳ್ಳಲು ಹಣ ಇಲ್ಲ. ಬರಿಗಾಲಲ್ಲೇ ಆಡಿದರು.

ಹೀಗೆ ಕೇರಿ ಕೇರಿಗಳಲ್ಲಿ ಸಣ್ಣ ಸಣ್ಣ ತಂಡ ಹುಟ್ಟಿದವು.

ಕೇರಿಯ ತಂಡ ಸೈನ್ಯವನ್ನು ಗೆದ್ದದ್ದು

ಮುಂಬಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯ ನಡೆಯುತ್ತಿತ್ತು. ಬಹಳ ದೊಡ್ಡ ಪಂದ್ಯ. ಪ್ರತಿ ಸಲ ಕಪ್ಪು ಗೆಲ್ಲುವವರು ಬ್ರಿಟಿಷ್ ಸೈನ್ಯದ ತಂಡದವರೇ. ಹತ್ತು ವರ್ಷ ಆಯಿತು. ಇಪ್ಪತ್ತು ವರ್ಷ ಆಯಿತು. ನಲವತ್ತು ವರ್ಷ ಆಯಿತು. ನಮ್ಮವರು ಗೆಲ್ಲಲಿಲ್ಲ.

1937ರಲ್ಲಿ ಬೆಂಗಳೂರಿನಿಂದ ಒಂದು ತಂಡ ಹೋಯಿತು. ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಆ ವರ್ಷ ರೋವರ್ಸ್ ಕಪ್ ಅವರ ಕೈಗೆ ಬಂತು! ಆ ಕಪ್ಪು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ 1938ರಲ್ಲಿ ಮತ್ತೆ ಅವರೇ ಗೆದ್ದರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೂರನೇ ಸಲ ಗೆದ್ದರು.

ಯೋಚಿಸಿ ನೋಡಿ. ಅವರ ಹಿಂದೆ ಸರಕಾರ ಇಲ್ಲ, ಸೈನ್ಯ ಇಲ್ಲ. ಆಟ ಬಲ್ಲ ಕಾಲು ಇತ್ತು. ಒಗ್ಗಟ್ಟು ಇತ್ತು.

ಬರಿಗಾಲಿನ ಅಹ್ಮದ್ ಖಾನ್

ಬೆಂಗಳೂರಿನ ಒಬ್ಬ ಆಟಗಾರರ ಕತೆ ಕೇಳಿ. ಹೆಸರು ಅಹ್ಮದ್ ಖಾನ್. ಹುಟ್ಟಿದ್ದು 1926ರಲ್ಲಿ. ಅವರ ಮನೆಯಲ್ಲೇ ಫುಟ್‌ಬಾಲು ಇತ್ತು. ತಂದೆಯೂ ಆಟಗಾರರು. ಬೆಂಗಳೂರು ಕ್ರೆಸೆಂಟ್ ಎಂಬ ಸಣ್ಣ ತಂಡದಲ್ಲಿ ಆಡುತ್ತ ಬೆಳೆದರು. ಆಮೇಲೆ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಬಂದರು.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು. ಫುಟ್‌ಬಾಲ್ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಇದ್ದರು. ಜುಲೈ 31ರಂದು ಫ್ರಾನ್ಸ್ ದೇಶದ ಮೇಲೆ ಪಂದ್ಯ. ನಮ್ಮ ಆಟಗಾರರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟು ಇಲ್ಲ. ಜನ ಬೆರಗಾಗಿ ನೋಡಿದರು. ನಮ್ಮವರಿಗೆ ಎರಡು ಪೆನಾಲ್ಟಿ ಸಿಕ್ಕವು. ಎರಡೂ ತಪ್ಪಿದವು. ಪಂದ್ಯ 2-1ರಲ್ಲಿ ಹೋಯಿತು. ನಮ್ಮ ಆ ಒಂದು ಗೋಲು ಹೊಡೆದವರು ರಾಮನ್.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದವು. ಇರಾನನ್ನು 1-0ಯಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ತಂಡದಲ್ಲೂ ಅಹ್ಮದ್ ಖಾನ್ ಇದ್ದರು.

1952ರಲ್ಲಿ ಫಿನ್‌ಲ್ಯಾಂಡ್ ದೇಶದಲ್ಲಿ ಒಲಿಂಪಿಕ್ಸ್. ಅಲ್ಲಿ ಚಳಿ. ಯುಗೋಸ್ಲಾವಿಯಾದ ಮೇಲೆ ಭಾರತ 10-1ರಲ್ಲಿ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಹೊಡೆದದ್ದು. ಆ ಸೋಲಿನ ನಂತರ ನಮ್ಮ ದೇಶದಲ್ಲಿ ಬೂಟು ಹಾಕಿಯೇ ಆಡಬೇಕು ಎಂಬ ನಿಯಮ ಬಂತು.

ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 90 ವರ್ಷ.

ಬೆಂಗಳೂರಿನ ಹಲಸೂರಿನ ಹತ್ತಿರ ಗೌತಮಪುರ ಎಂಬ ಕೇರಿ ಇದೆ. ದುಡಿಯುವ ಜನರ ಕೇರಿ. ಅಲ್ಲಿಂದಲೂ ದೊಡ್ಡ ದೊಡ್ಡ ಆಟಗಾರರು ಬಂದರು. ಆ ಕೇರಿಯ ಜನ ಬ್ರೆಜಿಲ್ ದೇಶದ ಆಟಗಾರ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಒಂದು ಕೇರಿಗೆ ಆಟದ ಮೇಲೆ ಎಷ್ಟು ಪ್ರೀತಿ ನೋಡಿ!

ಸಣ್ಣ ಕ್ಲಬ್ಬು ಸೊರಗುವುದು ಯಾಕೆ?

1949ರಲ್ಲಿ ಅಹ್ಮದ್ ಖಾನ್ ಕಲಕತ್ತೆಗೆ ಹೋದರು. ಅಲ್ಲಿಯ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದರು. ಬೆಂಗಳೂರಿನ ಧನರಾಜ್ ಕೂಡ ಅದೇ ಕ್ಲಬ್ಬಿನಲ್ಲಿ ಆಡಿದರು. 1949ರ ರೋವರ್ಸ್ ಕಪ್ಪು ಈಸ್ಟ್ ಬೆಂಗಾಲಿಗೆ ಹೋಯಿತು. ಹಿಂದಿನ ವರ್ಷ ಅದು ಬೆಂಗಳೂರಿನಲ್ಲಿ ಇತ್ತು!

ಆಟಗಾರನನ್ನು ಬೈಯುವುದು ಬೇಡ. ಹೊಟ್ಟೆಪಾಡು ಎಲ್ಲರಿಗೂ ಉಂಟು. ನಮ್ಮ ಹುಡುಗರು ಗೋವಾಕ್ಕೆ ಕೆಲಸಕ್ಕೆ ಹೋಗುವುದಿಲ್ಲವೇ? ಆದರೆ ನಮಗೆ ಒಂದು ಪಾಠ ಇದೆ. ಸಣ್ಣ ಕ್ಲಬ್ಬು ಬೆಳೆಸುತ್ತದೆ. ದೊಡ್ಡ ಕ್ಲಬ್ಬು ಕರೆದುಕೊಳ್ಳುತ್ತದೆ. ಕಪ್ಪಿನ ಮೇಲೆ ದೊಡ್ಡ ಕ್ಲಬ್ಬಿನ ಹೆಸರು ಬರುತ್ತದೆ. ಬೆಳೆಸಿದವರ ಹೆಸರು ಎಲ್ಲಿ ಬರಬೇಕು? ಅದು ಬರಬೇಕಾದದ್ದು ಸಣ್ಣ ಕ್ಲಬ್ಬಿನ ಪುಸ್ತಕದಲ್ಲಿ. ಪುಸ್ತಕವೇ ಇಲ್ಲದಿದ್ದರೆ ಎಲ್ಲಿಯೂ ಬರುವುದಿಲ್ಲ.

ಆ ರೋವರ್ಸ್ ಕಪ್ಪು ಕೂಡ ಈಗ ನಡೆಯುತ್ತಿಲ್ಲ. ಪಂದ್ಯ ನಿಂತಿತು. ಗೆದ್ದವರ ಪಟ್ಟಿ ಉಳಿದಿದೆ. ಆ ಪಟ್ಟಿ ಇರುವುದರಿಂದಲೇ 1937ರ ಕತೆ ನಾವು ಇವತ್ತು ಓದಿದೆವು.

ಆಟಗಾರರು ಹೋದರೆ ಮಾತ್ರ ಕ್ಲಬ್ಬು ಸೊರಗುತ್ತದೆ ಅಂತಲ್ಲ. ಇನ್ನೂ ಎರಡು ಕಾರಣ ಇವೆ. ಒಂದು ಹಣದ ಜಗಳ. ಇನ್ನೊಂದು ಬಯಲು ಹೋಗುವುದು.

ಹಣದ ಜಗಳ ನಮಗೆಲ್ಲ ಗೊತ್ತು. ಚೆಂಡಿಗೆ ಅಂತ ವರ್ಗಣಿ ಎತ್ತಿದರು. ಎಷ್ಟು ಬಂತು? ಯಾರ ಹತ್ತಿರ ಇದೆ? ಅಂಗಿ ಹೊಲಿಸಲು ಎಷ್ಟು ಹೋಯಿತು? ಚೀಟಿ ಇಲ್ಲ, ಲೆಕ್ಕ ಇಲ್ಲ. ಒಬ್ಬ ಇನ್ನೊಬ್ಬನ ಮೇಲೆ ಸಂಶಯ ಪಡುತ್ತಾನೆ. ಹಣ ತಿಂದವನು ಯಾರೂ ಇಲ್ಲದಿರಬಹುದು. ಆದರೂ ತಂಡ ಎರಡಾಗುತ್ತದೆ. ಒಂದು ಹಾಳೆ ಕಾಗದ ಇದ್ದಿದ್ದರೆ ಉಳಿಯುತ್ತಿದ್ದ ತಂಡ ಅದು.

ಬಯಲು ಯಾರದು?

ಬಯಲಿನ ಮಾತು ಸ್ವಲ್ಪ ದೊಡ್ಡದು. ನಿಧಾನವಾಗಿ ಓದೋಣ.

ನಮ್ಮದು ಗುಡ್ಡ ಮತ್ತು ಕಡಲಿನ ನಡುವಿನ ಊರು. ಸಮತಟ್ಟು ಜಾಗ ಕಡಿಮೆ. ಇರುವ ಜಾಗ ಎಲ್ಲರಿಗೂ ಬೇಕು. ಬಂದರಿಗೆ ಬೇಕು. ರಸ್ತೆಗೆ ಬೇಕು. ಮನೆಗೆ ಬೇಕು. ಮೀನು ಒಣಗಿಸಲು ಬೇಕು. ಹುಡುಗರ ಆಟಕ್ಕೂ ಬೇಕು.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ದೇಶದ ರಕ್ಷಣೆಯ ಕೆಲಸ. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕಿನ ಕಡಲ ಬದಿಯ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಅರ್ಗಾದಂಥ ಊರುಗಳ ಜನ ಬೇರೆ ಕಡೆ ಮನೆ ಕಟ್ಟಿಕೊಂಡರು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಊರು ಬಿಟ್ಟವರಿಗೆ ಮನೆ, ಹೊಲಕ್ಕೆ ಪರಿಹಾರದ ಲೆಕ್ಕ ಆಯಿತು. ಹುಡುಗರು ಆಡುತ್ತಿದ್ದ ಬಯಲಿಗೆ ಯಾವ ಲೆಕ್ಕ?

2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರನ್ನು ದೊಡ್ಡದು ಮಾಡುವ ಕೆಲಸ ಶುರುವಾಯಿತು. ಟಾಗೋರ್ ಕಡಲತೀರ ಹೋಗುತ್ತದೆ, ದೋಣಿ ಎಳೆಯಲು ಜಾಗ ಇಲ್ಲದಾಗುತ್ತದೆ ಅಂತ ಮೀನುಗಾರರು ಬೀದಿಗೆ ಇಳಿದರು. ಮಾತು ಹೈಕೋರ್ಟಿನ ತನಕ ಹೋಯಿತು.

ಯಾವುದು ಸರಿ, ಯಾವುದು ತಪ್ಪು ಅಂತ ತೀರ್ಪು ಕೊಡುವುದು ಈ ಪಾಠದ ಕೆಲಸ ಅಲ್ಲ. ನಾವು ಕೇಳುವುದು ಬೇರೆ. ನಾಳೆ ಒಬ್ಬ ಅಧಿಕಾರಿ ಬಂದು ಕೇಳುತ್ತಾರೆ ಅಂತ ಇಟ್ಟುಕೊಳ್ಳಿ. "ಈ ಜಾಗದಲ್ಲಿ ನೀವು ಎಷ್ಟು ವರ್ಷದಿಂದ ಆಡುತ್ತಿದ್ದೀರಿ?"

ನಾವು ಹೇಳುತ್ತೇವೆ, "ನಮ್ಮ ಅಜ್ಜನ ಕಾಲದಿಂದ, ಸಾಹೇಬರೇ."

ಅವರು ಕೇಳುತ್ತಾರೆ, "ಕಾಗದ ಏನಾದರೂ ಉಂಟೇ?"

ಆಗ ನಾವು ಏನು ತೋರಿಸುತ್ತೇವೆ?

ಹಳೆಯ ಪುಸ್ತಕ ಒಂದೇ ಬಯಲನ್ನು ಉಳಿಸಿಕೊಡುತ್ತದೆ ಅಂತ ಹೇಳಲಾರೆವು. ಆದರೆ ಬರಿಯ ಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಮೇಜಿನ ಮೇಲೆ ಕೂರುತ್ತದೆ. ಇಪ್ಪತ್ತು ವರ್ಷದ ಪಂದ್ಯಗಳ ಪಟ್ಟಿ, ತಾರೀಖು, ಸಹಿ ಇದ್ದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಅರ್ಜಿ ಬರೆಯುವಾಗ ಅದು ಬೇಕೇ ಬೇಕು.

ಆಟದ ಲೆಕ್ಕ

ಫುಟ್‌ಬಾಲಿನಲ್ಲಿ ಎಲ್ಲಕ್ಕೂ ಅಳತೆ ಇದೆ. ಅಂಕಿ ಓದಲು ಇದು ಒಳ್ಳೆಯ ಅಭ್ಯಾಸ.

ಒಂದು ತಂಡದಲ್ಲಿ 11 ಜನ. ಅದರಲ್ಲಿ ಒಬ್ಬರು ಗೋಲು ಕಾಯುವವರು.
ಆಟದ ಸಮಯ 90 ನಿಮಿಷ. 45 ನಿಮಿಷದ ಎರಡು ಭಾಗ.
ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್.
ಚೆಂಡಿನ ತೂಕ 410ರಿಂದ 450 ಗ್ರಾಂ. ಅಂದರೆ ಅರ್ಧ ಕಿಲೋಗಿಂತ ಕಡಿಮೆ.
ಗೋಲಿನ ಅಗಲ 24 ಅಡಿ. ಎತ್ತರ 8 ಅಡಿ.

ನಮ್ಮಲ್ಲಿ ಅಷ್ಟು ದೊಡ್ಡ ಬಯಲು ಇಲ್ಲ ಅಂತ ಬೇಜಾರು ಬೇಡ. ಮರಳಿನ ಮೇಲೆ ಆಡುವ ಫುಟ್‌ಬಾಲೇ ಬೇರೆ ಇದೆ. ಅದಕ್ಕೆ ಬೀಚ್ ಸಾಕರ್ ಅನ್ನುತ್ತಾರೆ. ಒಂದು ತಂಡದಲ್ಲಿ 5 ಜನ ಮಾತ್ರ. 12 ನಿಮಿಷದ ಮೂರು ಭಾಗ. ಬೂಟು ಹಾಕುವಂತಿಲ್ಲ, ಬರಿಗಾಲಲ್ಲೇ ಆಡಬೇಕು! 2023ರಲ್ಲಿ ಗುಜರಾತಿನ ಸೂರತ್‌ನಲ್ಲಿ ನಮ್ಮ ದೇಶದ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಪಂದ್ಯಾವಳಿ ನಡೆಯಿತು. ಕೇರಳ ಗೆದ್ದಿತು.

ಅಂದರೆ ನಮ್ಮ ಹುಡುಗರು ಮರಳಿನಲ್ಲಿ ಬರಿಗಾಲಲ್ಲಿ ಆಡುವುದು ಬಡತನದ ಆಟ ಅಲ್ಲ. ಅದಕ್ಕೂ ನಿಯಮ ಉಂಟು, ಅದಕ್ಕೂ ಕಪ್ಪು ಉಂಟು.

ಹೆಣ್ಣುಮಕ್ಕಳಿಗೂ ಬಯಲು ಬೇಕು

ದಡದಲ್ಲಿ ನಿಂತು ನೋಡುವ ಹುಡುಗಿಯರು ಇದ್ದಾರೆ. ಅವರಿಗೂ ಆಡುವ ಆಸೆ ಇರುವುದಿಲ್ಲವೇ? ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆಯುವ ಕಾಲು ಅವರ ತಾಯಂದಿರದು. ಆ ಕಾಲಿಗೆ ಚೆಂಡು ಭಾರವೇ?

2025ರ ಜುಲೈನಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡ್ ದೇಶಕ್ಕೆ ಹೋಗಿತ್ತು. ಅವರ ನೆಲದಲ್ಲೇ ಅವರನ್ನು 2-1ರಿಂದ ಸೋಲಿಸಿತು. ಏಷ್ಯಾ ಕಪ್ ಪಂದ್ಯಾವಳಿಗೆ ಅರ್ಹತೆ ಗಳಿಸಿತು. ಕೇರಿಯ ಕ್ಲಬ್ಬಿನ ಪುಸ್ತಕದಲ್ಲಿ ಹುಡುಗಿಯರ ಹೆಸರಿಗೂ ಒಂದು ಪುಟ ಇರಲಿ.

ಪುಸ್ತಕ ಇಡುವುದು ಹೇಗೆ?

ಈಗ ಕೆಲಸದ ಮಾತು. ಒಂದು ಗಟ್ಟಿ ರಟ್ಟಿನ ನೋಟುಪುಸ್ತಕ ತನ್ನಿ. ಅದರಲ್ಲಿ ಮೂರು ಭಾಗ ಮಾಡಿ.

ಮೊದಲನೆಯದು ಹೆಸರು. ಆಡುವವರ ಹೆಸರು, ಸೇರಿದ ತಾರೀಖು, ಸಹಿ. ಸಹಿ ಬಾರದವರಿಗೆ ಕಲಿಸಿ. ತಂಡ ಸೇರಬೇಕಾದರೆ ಸಹಿ ಹಾಕಬೇಕು ಅಂತ ನಿಯಮ ಮಾಡಿ. ಯಾರೂ ಹಿಂದೆ ಬೀಳುವುದಿಲ್ಲ!

ಎರಡನೆಯದು ಪಂದ್ಯ. ಯಾವ ದಿನ, ಯಾವ ಜಾಗ, ಯಾರ ಮೇಲೆ, ಎಷ್ಟು ಗೋಲು, ಯಾರು ಹೊಡೆದರು. ಸೋತರೂ ಬರೆಯಿರಿ. ಗೆದ್ದದ್ದು ಮಾತ್ರ ಬರೆದರೆ ಅದು ಇತಿಹಾಸ ಅಲ್ಲ, ಜಂಬ.

ಮೂರನೆಯದು ಜಮಾ-ಖರ್ಚು. ಇದೊಂದು ಮಾದರಿ ನೋಡಿ.

ಜಮಾ: ವರ್ಗಣಿ, 15 ಜನ, ತಲಾ 50 ರೂಪಾಯಿ. ಒಟ್ಟು 750 ರೂಪಾಯಿ.
ಖರ್ಚು: ಚೆಂಡು 600 ರೂಪಾಯಿ. ಗಾಳಿ ಹಾಕುವ ಪಂಪು 100 ರೂಪಾಯಿ. ಒಟ್ಟು 700 ರೂಪಾಯಿ.
ಉಳಿಕೆ: 50 ರೂಪಾಯಿ.

ಕೆಳಗೆ ಇಬ್ಬರ ಸಹಿ ಇರಲಿ. ಅಂಗಡಿಯ ಚೀಟಿ ಅಲ್ಲೇ ಅಂಟಿಸಿ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಿ. ಮುಗಿಯಿತು. ಸಂಶಯಕ್ಕೆ ಜಾಗ ಇಲ್ಲ.

ಸಂಘವನ್ನು ಕಾಯ್ದೆ ಪ್ರಕಾರ ನೋಂದಣಿ ಕೂಡ ಮಾಡಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ಬಂತು. ಅದಕ್ಕೆ ಕನಿಷ್ಠ 7 ಜನ ಸದಸ್ಯರು ಬೇಕು. ಸಂಘದ ಉದ್ದೇಶ ಮತ್ತು ನಿಯಮ ಬರೆದು ಕೊಡಬೇಕು. ಪ್ರತಿ ವರ್ಷ ಸಭೆ ನಡೆಸಬೇಕು. ಸಭೆಯ ಠರಾವು ಬರೆಯಬೇಕು. ಲೆಕ್ಕ ಒಪ್ಪಿಸಬೇಕು. ನೋಂದಣಿ ಆದರೆ ಸಂಘದ ಹೆಸರಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಸುಲಭ. ಅರ್ಜಿಗೂ ಬೆಲೆ ಬರುತ್ತದೆ.

ಅಜ್ಜನನ್ನು ಕೇಳಿ

ಮುಂದಿನದು ಬರೆಯುತ್ತೇವೆ, ಹಿಂದಿನದು ಹೇಗೆ? ಹಿಂದಿನದು ಹಿರಿಯರ ತಲೆಯಲ್ಲಿ ಇದೆ. ಅವರು ಇರುವಾಗಲೇ ಕೇಳಬೇಕು.

"ಯಾವ ವರ್ಷ?" ಅಂತ ಕೇಳಿದರೆ ಅವರಿಗೆ ಹೇಳಲು ಬಾರದು. ವರ್ಷ ನೆನಪು ಉಳಿಯುವುದಿಲ್ಲ. ಘಟನೆ ಉಳಿಯುತ್ತದೆ. ಆದ್ದರಿಂದ ಹೀಗೆ ಕೇಳಿ.

"ಅಜ್ಜಾ, ನೀನು ಮೊದಲು ಚೆಂಡು ಆಡಿದಾಗ ಗೋವಾದಲ್ಲಿ ಪೋರ್ಚುಗೀಸರು ಇದ್ದರೋ?"

"ಇಲ್ಲ ಮಗಾ, ಅವರು ಹೋದ ಮೇಲೆ."

"ಸೀಬರ್ಡ್ ಕಲ್ಲು ಹಾಕಿದಾಗ ನೀನು ಆಡ್ತಿದ್ದೆಯೋ?"

"ಆಗ ಬಿಟ್ಟಿದ್ದೆ. ಆಗ ನಿನ್ನ ಅಪ್ಪ ಆಡ್ತಿದ್ದ."

ನೋಡಿ, ಎರಡೇ ಪ್ರಶ್ನೆ. ಗೋವಾದಿಂದ ಪೋರ್ಚುಗೀಸರು ಹೋದದ್ದು 1961ರಲ್ಲಿ. ಸೀಬರ್ಡ್ ಅಡಿಗಲ್ಲು 1986ರಲ್ಲಿ. ಅಂದರೆ ಈ ಅಜ್ಜ ಆಡಿದ್ದು ಆ ಎರಡರ ನಡುವೆ. ಇನ್ನೂ ಬೇಕಾದರೆ ಕೊಂಕಣ ರೈಲಿನ ಲೆಕ್ಕ ಹಿಡಿಯಿರಿ. ಆ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದು 2024ರಲ್ಲಿ. ಇವೆಲ್ಲ ನಮ್ಮ ಊರಿನ ಗಡಿಯಾರ ಇದ್ದ ಹಾಗೆ.

ಹಳೆಯ ಫೋಟೋ ಇದ್ದರೆ ಹಿಂದೆ ಹೆಸರು ಬರೆಯಿರಿ. ಎಡದಿಂದ ಬಲಕ್ಕೆ ಬರೆಯಿರಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ. ಯಾರು ಹೇಳಿದರು ಅಂತಲೂ ಬರೆಯಿರಿ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬೇಡಿ. ಜಾಗ ಖಾಲಿ ಬಿಡಿ. ನಾಳೆ ಬೇರೆಯವರು ತುಂಬುತ್ತಾರೆ.

ಕೊನೆಯ ಮಾತು

ಕ್ಲಬ್ಬಿಗೆ ಮೂರು ಬೇಕು. ಚೆಂಡು ಬೇಕು, ಬಯಲು ಬೇಕು, ಪುಸ್ತಕ ಬೇಕು. ಚೆಂಡು ಒಂದು ಮಳೆಗಾಲ ಬಾಳುತ್ತದೆ. ಬಯಲು ನಮ್ಮ ಕೈಯಲ್ಲಿ ಇದ್ದಷ್ಟು ದಿನ. ಪುಸ್ತಕ ಮಾತ್ರ ನಮ್ಮ ನಂತರವೂ ಇರುತ್ತದೆ.

ಇಷ್ಟು ದಿನ ನಾವು ಅಕ್ಷರ ಕಲಿತೆವು. ಹೆಸರು ಬರೆಯಲು ಕಲಿತೆವು. ಲೆಕ್ಕ ಕಲಿತೆವು. ಅದು ಬಸ್ಸಿನ ಬೋರ್ಡು ಓದಲು ಮಾತ್ರ ಅಲ್ಲ. ನಮ್ಮ ಕೇರಿಯ ಕತೆಯನ್ನು ನಮ್ಮ ಕೈಯಿಂದ ಬರೆಯಲು.

ಆಗಸ್ಟ್ 1 ಬಂದರೆ ದೋಣಿಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಹುಡುಗರು ಕೆಲಸಕ್ಕೆ ಹೋಗುತ್ತಾರೆ. ಅದರ ಒಳಗೆ ಮೊದಲ ಪುಟ ಬರೆದು ಮುಗಿಸೋಣ. ಆಗದೇ?

ಹೊಸ ಪದಗಳು

ನಡಾವಳಿ: ಸಭೆಯಲ್ಲಿ ನಡೆದದ್ದನ್ನು ಬರೆದಿಡುವುದು.
ಠರಾವು: ಸಭೆಯಲ್ಲಿ ಎಲ್ಲರೂ ಕೂಡಿ ಮಾಡಿದ ತೀರ್ಮಾನ.
ವರ್ಗಣಿ: ಒಂದು ಕೆಲಸಕ್ಕಾಗಿ ಎಲ್ಲರೂ ಹಾಕುವ ಹಣ.
ನೋಂದಣಿ: ಸರಕಾರದ ಪುಸ್ತಕದಲ್ಲಿ ಹೆಸರು ದಾಖಲು ಮಾಡುವುದು.
ಉಳಿಕೆ: ಖರ್ಚು ಕಳೆದು ಉಳಿದ ಹಣ.

ಕೂಡಿ ಮಾತಾಡೋಣ

1. ಬೆಂಗಳೂರು ಮುಸ್ಲಿಮ್ಸ್ ತಂಡ ಯಾವ ಯಾವ ವರ್ಷ ರೋವರ್ಸ್ ಕಪ್ ಗೆದ್ದಿತು?
2. ಶೆಫೀಲ್ಡ್ ಕ್ಲಬ್ಬಿನ ಹಳೆಯ ಪುಸ್ತಕಕ್ಕೆ ಅಷ್ಟು ಬೆಲೆ ಯಾಕೆ ಬಂತು?
3. ನಿಮ್ಮ ಕೇರಿಯಲ್ಲಿ ಮಕ್ಕಳು ಆಡುವ ಜಾಗ ಯಾವುದು? ಹತ್ತು ವರ್ಷದ ಹಿಂದೆ ಯಾವುದಿತ್ತು?
4. ಹಣದ ಲೆಕ್ಕ ಇಲ್ಲದೆ ಒಡೆದ ಸಂಘ ನಿಮಗೆ ಗೊತ್ತಿದೆಯೇ? ಹೆಸರು ಹೇಳದೆ ಕಾರಣ ಮಾತ್ರ ಹೇಳಿ.

ಬರೆದು ನೋಡೋಣ

20 ಜನ ತಲಾ 40 ರೂಪಾಯಿ ವರ್ಗಣಿ ಹಾಕಿದರು. ಚೆಂಡಿಗೆ 550 ರೂಪಾಯಿ ಆಯಿತು. ಗೋಲಿನ ಬಲೆಗೆ ಹಗ್ಗ 180 ರೂಪಾಯಿ. ಉಳಿಕೆ ಎಷ್ಟು? ಜಮಾ-ಖರ್ಚು ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.

ಮನೆಯ ಹಿರಿಯರೊಬ್ಬರನ್ನು ಕೇಳಿ, ನಿಮ್ಮ ಕೇರಿಯ ಆಟದ ಬಗ್ಗೆ ಐದು ಸಾಲು ಬರೆಯಿರಿ. ಮುಂದಿನ ತರಗತಿಯಲ್ಲಿ ಎಲ್ಲರೂ ಓದೋಣ.